ಅರಿವೆಯೂ ಅರಿವೂ

ತಾಳೆಗರಿಯ ಕಟ್ಟನ್ನು ಬಿಚ್ಚಿದೊಡನೆ ನಮ್ಮ ಕಣ್ಣು ಅಕ್ಷರವನ್ನು ಅರಸುತ್ತದೆ. ಸುತ್ತಿದ್ದ ಬಟ್ಟೆ ಮೂಲೆಗೆ ಸರಿಯುತ್ತದೆ.

ಗ್ರಂಥಭಂಡಾರದ ಕಟ್ಟುಗಳಿಗೆ ಹೊಸ ವಸ್ತ್ರ ಹೊದಿಸುವಾಗ, ಹಳೆಯದನ್ನು ಒಗೆಯೋಣವೇ, ಎಸೆಯೋಣವೇ ಎಂಬ ಪ್ರಶ್ನೆ ಬಂದಿತು. ಎರಡೂ ಬೇಡವೆಂದೆ. ನೀರು ತಗುಲಿದರೆ ಹಳೆಯ ಬಣ್ಣ ಹರಡಬಹುದು, ಜೀರ್ಣವಾದ ನೂಲು ಹರಿಯಬಹುದು. ಎಸೆದರೆ ನೇಯ್ಗೆ, ತೇಪೆ, ಮಡಿಕೆಗಳು ಹೇಳುವ ಚರಿತ್ರೆಯೇ ಅಳಿಯುತ್ತದೆ. ಬೆಳಕಿಗೆ ಮಾಸಿದ ಬಣ್ಣವಂತೂ ಮರಳಿ ಬಾರದು. ಆದುದರಿಂದ ಅದನ್ನು ಆಮ್ಲರಹಿತ ಕಾಗದದ ನಡುವೆ ಹರವಿ, ಮುಚ್ಚಿದ ಪೆಟ್ಟಿಗೆಯಲ್ಲಿರಿಸಿ, ಯಾವ ಕಟ್ಟಿನದೆಂದು ಬರೆದಿಟ್ಟೆವು. ಹೊಸ ಹೊದಿಕೆಗೆ ಗಂಜಿ ಹೋಗುವಂತೆ ಒಗೆದ ಹತ್ತಿಬಟ್ಟೆಯನ್ನು ಆರಿಸಿದೆವು. ಗಂಜಿಯು ಹುಳುಗಳಿಗೆ ಆಹಾರ.

ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು ಮನೆಮಠಗಳಲ್ಲಿ ಎಷ್ಟೋ ಓಲೆಗಳನ್ನು ಧೂಳಿನಿಂದ ಕಾಯ್ದದ್ದು ಇಂಥ ಅರಿವೆಯೇ. ಅರಿವನ್ನು ಕಾಯ್ದ ಅರಿವೆಯನ್ನು ಕಾಯುವುದೂ ಕಾಯಕವಲ್ಲವೇ?