ಹ್ಯಾಂಬಲ್ ನದಿಯ ಹಳೆಯ ಹಾಯಿನೌಕೆ

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಸೌತಾಂಪ್ಟನ್ ಪಟ್ಟಣಕ್ಕೆ ಪೂರ್ವದಲ್ಲಿ ಹ್ಯಾಂಬಲ್ ಎಂಬ ಚಿಕ್ಕ ನದಿಯುಂಟು. ಇಲ್ಲಿ ವಿಹಾರನೌಕೆಗಳು ಒತ್ತೊತ್ತಾಗಿ ನಿಂತಿರುವುದರಿಂದ, ದೂರದಿಂದ ನೋಡುವವರಿಗೆ ಹಾಯಿಕಂಬಗಳೆಲ್ಲ ಎಲೆಯುದುರಿದ ಕಾಡಿನಂತೆ ತೋರುವುವು. ನದಿಗೂ ನೌಕೆಗಳಿಗೂ ನಂಟು ಹಳೆಯದು. ಐದನೆಯ ಹೆನ್ರಿಯ ಮಹಾನೌಕೆ ‘ಗ್ರೇಸ್ ಡ್ಯೂ’ 1439ರಲ್ಲಿ ಸಿಡಿಲು ಬಡಿದು ಉರಿದುದು ಇಲ್ಲಿಯೇ. ಅದರ ಅವಶೇಷವು ಇಂದಿಗೂ ಕೆಸರಿನೊಳಗೆ ಹುದುಗಿದೆ. ನೆಲ್ಸನ್ನನು 1801ರ ಕೋಪನ್‌ಹೇಗನ್ ಯುದ್ಧದಲ್ಲಿ ಏರಿದ್ದ ‘ಎಲಿಫೆಂಟ್’ ನೌಕೆ ಹುಟ್ಟಿದುದೂ ಇದೇ ದಡದ ಬರ್ಸಲ್ಡನ್ ಗ್ರಾಮದಲ್ಲಿ.

ನಾವು ಅಲ್ಲಿಗೆ ಹೋದುದು ಮಿತ್ರರೊಬ್ಬರ ಜೊತೆಗೆ. ಶಿವಮೊಗ್ಗೆಯ ಕಡೆಯವರು, ಆ ದೇಶದಲ್ಲಿಯೇ ವೈದ್ಯರಾಗಿದ್ದು ನಿವೃತ್ತರಾದವರು. ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಹಾಯಿನೌಕೆಯನ್ನು ಕೊಳ್ಳಬೇಕೆಂಬುದು ಅವರ ಆಸೆ. ಅವರ ಪತ್ನಿಯವರಿಗಾದರೋ ಆ ಹಣದ ಚಿಂತೆ. ನೋಡಿದ ನೌಕೆ 38 ಅಡಿ ಉದ್ದದ್ದು. 1980ರ ಸುಮಾರಿನಲ್ಲಿ ತೈವಾನಿನಲ್ಲಿ ಕಟ್ಟಿದುದು. ಒಡಲು ಫೈಬರ್‌ಗ್ಲಾಸಿನದು, ಡೆಕ್ಕು ಎನ್ನುವ ಮೇಲ್ಹಾಸು ಮಾತ್ರ ತೇಗದ್ದು.

“ನಮ್ಮಜ್ಜನ ತೊಟ್ಟಿಮನೆಯ ಕಂಬಗಳು ತೇಗದವೇ. ಇಂದಿಗೂ ಹುಳು ಮುಟ್ಟಿಲ್ಲ!” ಎಂದು ಮಿತ್ರರು ಹಿಗ್ಗಿದರು. ಆಂಗ್ಲರ ‘ಟೀಕ್’ ಎಂಬ ಮಾತೂ ದ್ರಾವಿಡ ನುಡಿಯಿಂದ ಪೋರ್ಚುಗೀಸರ ಮೂಲಕ ಹೋದುದೇ ಆಗಿರುವುದರಿಂದ, ಅವರ ಅಭಿಮಾನವು ನಮಗೂ ಸಹಜವೆನಿಸಿತು.

ಆದರೆ ಕಂಬದ ತೇಗ ಬೇರೆ, ನೌಕೆಯ ತೇಗ ಬೇರೆ. ಇಲ್ಲಿ ಬೆರಳಿಗಿಂತಲೂ ತೆಳುವಾದ ಪಟ್ಟಿಗಳನ್ನು ನೂರಾರು ತಿರುಪುಮೊಳೆಗಳಿಂದ ಫೈಬರ್‌ಗ್ಲಾಸಿಗೆ ಬಿಗಿದು, ಮೊಳೆಯ ತಲೆಗೊಂದೊಂದು ಮರದ ಬಿರಡೆ ಹೊಡೆದು, ಸಂದುಗಳಿಗೆ ಕರಿಯ ಅಂಟನ್ನು ತುಂಬಿರುವರು. ಹಿಂದಿನ ಒಡೆಯರು ಹೊಳಪಿನ ಮೋಹದಿಂದ ವರ್ಷವರ್ಷವೂ ಗಡಸು ಕುಂಚದಿಂದ ಉಜ್ಜಿಸಿದ್ದರಂತೆ. ಉಪ್ಪುನೀರೂ ಮೃದುವಾದ ಕುಂಚವೂ ಸಾಕಾಗಿದ್ದುವು. ಉಜ್ಜುವುದೂ ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಪಟ್ಟಿಗಳು ಸವೆದು ಬಿರಡೆಗಳು ಕಳಚಿದ್ದುವು. ಮೊಳೆಯ ಜಾಡು ಹಿಡಿದು ನೀರು ಕೆಳಗಿಳಿದಿತ್ತು. ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ತುಂಬಿರುವ ಮರವು ನೆನೆದರೆ ಒಣಗುವ ದಾರಿಯೇ ಇಲ್ಲ, ಕೊಳೆಯಬೇಕಷ್ಟೆ.

ನೌಕಾಪರೀಕ್ಷಕರು ಬಂದು, ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ, ಸಣ್ಣ ಸುತ್ತಿಗೆಯಿಂದ ಅಡಿ ಅಡಿಗೂ ತಟ್ಟಿ ಕಿವಿಗೊಟ್ಟರು. ಮುಂಭಾಗದಲ್ಲಿ ಸ್ಫುಟವಾದ ನಾದ, ಎಡಬದಿಯಲ್ಲಿ ಮಂಕುಸದ್ದು. ಕೆಳಗಣ ಕೋಣೆಯ ಚಾವಣಿಯಲ್ಲಿಯೂ ಅದೇ ಸ್ಥಳಕ್ಕೆ ಸರಿಯಾಗಿ ಕಂದು ಕಲೆಗಳು. ಹೊಸ ತೇಗ ಹಾಸಿಸಿದರೆ ನೌಕೆಯ ಬೆಲೆಯಷ್ಟೇ ಖರ್ಚೆಂದರು. ಬರ್ಮಾದ ಸರ್ಕಾರಿ ಮರದ ಸಂಸ್ಥೆಯ ಮೇಲೆ ಬ್ರಿಟನ್ 2021ರಲ್ಲಿ ನಿರ್ಬಂಧ ವಿಧಿಸಿದ ಮೇಲೆ ಅಂತಹ ಮರ ದೊರೆಯುವುದೂ ಕಷ್ಟವಂತೆ.

ಮಿತ್ರರು ಮೌನವಾದರು. ಪತ್ನಿಯವರೇ ಕೇಳಿದರು: “ಹಲಗೆಗಳನ್ನೆಲ್ಲ ತೆಗೆದೇ ಬಿಟ್ಟರೆ ಆಗದೆ?”

ಆಗುವುದು, ಅನೇಕರು ಮಾಡುವುದೂ ಅದನ್ನೇ, ಎಂದರು ಪರೀಕ್ಷಕರು. ಕೊಳೆತ ಮರವನ್ನು ತೆಗೆದು, ರಂಧ್ರಗಳನ್ನು ಮುಚ್ಚಿ, ಕಾಲು ಜಾರದಂತೆ ಮರಳು ಬೆರೆಸಿದ ಬಣ್ಣ ಬಳಿದರೆ ನೌಕೆ ಹಗುರವೂ ಆಗುವುದಂತೆ.

ಆ ದುರಸ್ತಿಯ ವೆಚ್ಚವನ್ನು ಕಳೆದು ಉಳಿದ ಮೊತ್ತವನ್ನು ಮಿತ್ರರು ಬರೆದು ಕೊಟ್ಟರು. ಮಾರುವವರು ನಾಲ್ಕು ದಿನ ಹಿಂದುಮುಂದು ನೋಡಿ ಒಪ್ಪಿದರು. ಗಟ್ಟಿಯಾಗಿ ಉಳಿದ ಪಟ್ಟಿಗಳನ್ನು ಮಾತ್ರ ಯಾರಿಗೂ ಕೊಡಕೂಡದೆಂದು ಪತ್ನಿಯವರು ಕಟ್ಟು ಮಾಡಿದರು. ದೇವರ ಪೀಠಕ್ಕೆ ಬೇಕಂತೆ.