ಬೆಳಗಿನ ಶುಗರ್ ನೋಡಿದೆ, ಕಾಲು ನೋಡಲಿಲ್ಲ

ಶಿರಸಿಗೆ ರಕ್ತ ತಪಾಸಣೆಗೆ ಹೋಗುವ ಮೊದಲು ಒಂದೆರಡು ದಿನ ಪಥ್ಯ ಮಾಡುವುದು ನನ್ನ ರೂಢಿಯಾಗಿತ್ತು. ಬರಿಹೊಟ್ಟೆಯ ಶುಗರ್ ಚೆನ್ನಾಗಿಯೇ ಬರುತ್ತಿತ್ತು. ಚೀಟಿ ಜೇಬಿಗಿಟ್ಟು ಸಿದ್ದಾಪುರದ ಬಸ್ಸು ಹತ್ತಿ ಮನೆ ಸೇರಿದರೆ ಅಂದೇ ಸಂಜೆ ದೋಸೆಗೆ ಜೋನಿಬೆಲ್ಲ, ಊಟದ ಮೇಲೆ ಹೊಗೆಸೊಪ್ಪು ಹಾಕಿದ ಕವಳ. ಸಕ್ಕರೆ ಬಿಟ್ಟವನಿಗೆ ಬೆಲ್ಲ ಏನೂ ಮಾಡುವುದಿಲ್ಲ ಎನ್ನುವವರು ನಮ್ಮ ಸೀಮೆಯಲ್ಲಿ ಬಹಳ. ನಾನೂ ಹಾಗೇ ನಂಬಿದ್ದೆ. ಆಲೆಮನೆ ಶುರುವಾದರಂತೂ ಕಬ್ಬಿನಹಾಲಿಗೆ ಲೆಕ್ಕವೇ ಇರಲಿಲ್ಲ.

ತೋಟದಿಂದ ಮನೆಗೆ ದಿಬ್ಬ ಏರುವಾಗ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಸ್ವಲ್ಪ ನಿಂತರೆ ಬಿಡುತ್ತಿತ್ತು, ನಡೆದರೆ ಮತ್ತೆ ಬರುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಎಣ್ಣೆ ತಿಕ್ಕಿಸಿಕೊಂಡೆ. ಆ ಮಳೆಗಾಲ ತೋಟದ ಕೊಳೆರೋಗಕ್ಕೆ ಮದ್ದು ಹೊಡೆಸುವಾಗ ಗಂಬೂಟಿನೊಳಗೆ ಕಡಲೆಕಾಳಿನಷ್ಟು ಕಲ್ಲೊಂದು ಸೇರಿತ್ತು. ಬೆಳಗಿನಿಂದ ಕತ್ತಲಾಗುವ ತನಕ ಅದನ್ನು ಮೆಟ್ಟಿಕೊಂಡೇ ಓಡಾಡಿದೆ. ಗೊತ್ತೇ ಆಗಲಿಲ್ಲ. ಬೂಟು ಕಳಚಿದಾಗ ನೋಡಿದವಳು ಹೆಂಡತಿ.

“ಕಾಲ್ಚೀಲ ಎಲ್ಲ ರಕ್ತ ಆಜು! ನಿಂಗಕ್ಕೆ ನೋವೇ ಆಜಿಲ್ಯ?”

ನೋವಾಗಿರಲಿಲ್ಲ. ಅದಕ್ಕೇ ಸಣ್ಣ ಗಾಯವೆಂದು ಅರಿಶಿನ ಮೆತ್ತಿ ಬಿಟ್ಟೆ. ಕಿರುಬೆರಳು ಕಪ್ಪಗಾದ ಮೇಲೆ ಹುಬ್ಬಳ್ಳಿಗೆ ಹೋದೆ.

ಅಲ್ಲಿನ ಡಾಕ್ಟರು ತೋಳಿನ ಬಿಪಿ ನೋಡಿದ ಮೇಲೆ ಹರಡಿನ ಹತ್ತಿರವೂ ಪಟ್ಟಿ ಕಟ್ಟಿ ಬಿಪಿ ನೋಡಿದರು. ಕಾಲಿನದನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ನನ್ನದು ಅದಕ್ಕಿಂತ ಬಹಳ ಕೆಳಗಿತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂಬತ್ತು ದಾಟಿತ್ತು. ಒಂದೆರಡು ದಿನದ ಪಥ್ಯ ಆ ಪರೀಕ್ಷೆಯ ಮುಂದೆ ನಡೆಯುವುದಿಲ್ಲ.

ಶುಗರ್ ರಕ್ತದ ಕಾಯಿಲೆ ಅಂದುಕೊಂಡಿದ್ದೆ. ಅದು ರಕ್ತ ಹರಿಯುವ ನಾಳದ ಕಾಯಿಲೆಯೂ ಹೌದು ಎಂದು ತಿಳಿದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ಇನ್ಸುಲಿನ್ ಸಾಲದಾದಾಗ ಸ್ನಾಯುವಿನ ಕೋಶಗಳು ಸಕ್ಕರೆಗೆ ಬಾಗಿಲು ಹಾಕಿಕೊಳ್ಳುತ್ತವೆ. ರಕ್ತನಾಳದ ಒಳಪದರಕ್ಕೆ ಆ ಬಾಗಿಲೇ ಇಲ್ಲ. ರಕ್ತದಲ್ಲಿ ಎಷ್ಟಿದೆಯೋ ಅಷ್ಟು ಒಳಗೆ ನುಗ್ಗುತ್ತದೆ. ಆ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಡಿಸಿದರೆ ನಾಳ ಸಡಿಲಗೊಂಡು ಹಿಗ್ಗುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಸಕ್ಕರೆ ಏರಿಯೇ ಇದ್ದರೆ ಈ ಅನಿಲ ಸಾಲದಾಗುತ್ತದೆ, ನಾಳ ಬಿಗಿಯುತ್ತದೆ, ಗೋಡೆಯಲ್ಲಿ ಕೊಬ್ಬು ಕೂರುತ್ತದೆ. ನರಗಳಿಗೆ ರಕ್ತ ಕೊಡುವ ಕೂದಲೆಳೆಗಿಂತ ಸಣ್ಣ ನಾಳಗಳೂ ಕೆಡುತ್ತವೆ. ನರ ಸತ್ತಲ್ಲಿ ನೋವಿಲ್ಲ, ರಕ್ತ ಬಾರದಲ್ಲಿ ಗಾಯ ಮಾಯುವುದಿಲ್ಲ. ನನ್ನ ಬೆರಳಿಗೆ ಎರಡೂ ಒಟ್ಟಿಗೆ ಬಂದಿದ್ದವು. ಮೇಲಿಂದ ಹೊಗೆಸೊಪ್ಪಿನ ನಿಕೋಟಿನ್ ನಾಳವನ್ನು ಇನ್ನಷ್ಟು ಬಿಗಿ ಮಾಡಿತ್ತು. ಬೆರಳು ತೆಗೆದರು.

ನನ್ನನ್ನು ಹೆಚ್ಚು ಕಾಡಿದ್ದು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ. ಶುಗರ್ ಆಗಷ್ಟೇ ಪತ್ತೆಯಾದವರನ್ನು ಎರಡು ಗುಂಪು ಮಾಡಿ ಒಂದಕ್ಕೆ ಬಿಗಿ ಚಿಕಿತ್ಸೆ ಕೊಟ್ಟರು. ಪ್ರಯೋಗ ಮುಗಿದು ಒಂದು ವರ್ಷದಲ್ಲಿ ಎರಡೂ ಗುಂಪಿನ ಶುಗರ್ ಒಂದೇ ಆಯಿತು. ಆದರೂ ಹತ್ತು ವರ್ಷದ ಮೇಲೆ, 2008ರಲ್ಲಿ ಲೆಕ್ಕ ಹಾಕಿದಾಗ, ಮೊದಲು ಬಿಗಿಯಾಗಿದ್ದವರಲ್ಲಿ ಹೃದಯಾಘಾತ ಕಡಿಮೆಯಿತ್ತು. ಆರಂಭದ ವರ್ಷಗಳನ್ನು ನಾಳಗಳು ಮರೆಯುವುದಿಲ್ಲ. ನಾನು ಜೋನಿಬೆಲ್ಲಕ್ಕೆ ಕೊಟ್ಟದ್ದು ಆ ವರ್ಷಗಳನ್ನೇ.

ಯಲ್ಲಾಪುರದ ಭಾವನಿಗೆ ಈಗ ಶುಗರ್ ಶುರುವಾಗಿದೆ. ಕಾಲು ತೋರಿಸಲು ನಾಚಿಕೊಂಡ. ನಾನು ಬಿಡಲಿಲ್ಲ, ಬೆರಳ ಸಂದುಗಳನ್ನು ಬಗ್ಗಿ ನೋಡಿದೆ. ಎಚ್‌ಬಿಎ1ಸಿ, ಕಣ್ಣಿನ ಪರದೆ, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿದ್ದಾನೆ. ತೋಟಕ್ಕೆ ಬರಿಗಾಲಲ್ಲಿ ಇಳಿಯುವುದಿಲ್ಲ, ಬೂಟನ್ನು ಕೊಡವಿಯೇ ಹಾಕುತ್ತಾನೆ. ಹೊಗೆಸೊಪ್ಪು ಬಿಡಲು ಮಾತ್ರ ಇನ್ನೂ ಒಪ್ಪಿಲ್ಲ. ದೀಪಾವಳಿಗೆ ಬಂದಾಗ ಮತ್ತೆ ಹೇಳುತ್ತೇನೆ.