ಪ್ಲೇಯರ್‌ಗೆ ಮೊದಲು ತುಂಬಬೇಕಾದ್ದು

ಹೊಸ ಮ್ಯೂಸಿಕ್ ಪ್ಲೇಯರ್‌ಗೆ ಏನು ಹಾಕಲಿ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಯಾವಾಗಲೂ 1967ರ ‘ಕಾಲ್ ಆಫ್ ದಿ ವ್ಯಾಲಿ’. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್ ಸೇರಿ ಕಾಶ್ಮೀರದ ಕುರಿಗಾಹಿಯೊಬ್ಬನ ಇಡೀ ದಿನವನ್ನು ರಾಗಗಳಲ್ಲೇ ಹೇಳುತ್ತವೆ. ಆಹಿರ್ ಭೈರವದಲ್ಲಿ ಬೆಳಗಾಗುತ್ತದೆ. ದಯವಿಟ್ಟು ಶಫಲ್ ಒತ್ತಬೇಡಿ, ಕ್ರಮ ತಪ್ಪಿದರೆ ಕಥೆಯೇ ತಪ್ಪುತ್ತದೆ.

ಜಾಝ್ ಅರ್ಥವಾಗದು ಎನ್ನುವವರೂ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ (1959) ಕೇಳಬಹುದು. ಸ್ವರಗಳ ನಡುವೆ ಅಷ್ಟು ಬಿಡುವಿದೆ. ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಗ್ಲೆನ್ ಗೂಲ್ಡ್ 1981ರಲ್ಲಿ ನುಡಿಸಿದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಸಾಕು.

ಕನ್ನಡಕ್ಕೆ? ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’, 1978ರ ಕ್ಯಾಸೆಟ್. ಜಾಗ ಸಾಲದಿದ್ದರೆ ಬೇರೆ ಯಾವುದನ್ನಾದರೂ ಅಳಿಸಿ, ಇದೊಂದನ್ನು ಉಳಿಸಿಕೊಳ್ಳಿ.